ಮಳೆಯ ಚುಕ್ಕಾಣಿ ಯಾರ ಕೈಯಲ್ಲಿ?

(ಉಗಾರ ಖುರ್ದದ ಸಭೆಯಲ್ಲಿ ಮಾಡಿದ ಭಾಷಣ)



2005ರಲ್ಲಿಯೂ 2019ರಲ್ಲಿಯೂ ಕೃಷ್ಣೆ ದಂಡೆ ಮೀರಿ ಬಂದುದನ್ನು ನಾವೆಲ್ಲ ಬಲ್ಲೆವು. ಕಬ್ಬು ನೀರಲ್ಲಿ ಕೊಳೆತರೆ ಗಿರಣಿಯ ಹಂಗಾಮು ಕುಗ್ಗುತ್ತದೆ. ಹಂಗಾಮು ಕುಗ್ಗಿದರೆ ಕಾರ್ಮಿಕನ ಪಗಾರವೂ ಅಂಗಡಿಕಾರನ ಗಲ್ಲಾವೂ ಕುಗ್ಗುತ್ತವೆ. ಆದುದರಿಂದ ಮಳೆಯನ್ನು ಹಿಡಿತಕ್ಕೆ ತರಬಹುದೇ ಎಂಬುದು ಪಂಡಿತರ ಪ್ರಶ್ನೆ ಮಾತ್ರವಲ್ಲ, ನಮ್ಮ ಹೊಟ್ಟೆಯ ಪ್ರಶ್ನೆಯೂ ಹೌದು.

ಉಗಿಯಂತ್ರದ ಗವರ್ನರನ್ನು ನೋಡಿರಿ. ವೇಗ ಏರಿದರೆ ಅದು ಉಗಿಯನ್ನು ತಗ್ಗಿಸುತ್ತದೆ. ವೇಗ ಇಳಿದರೆ ಹೆಚ್ಚು ಬಿಡುತ್ತದೆ. ಅಳೆಯುವುದು, ಹೋಲಿಸುವುದು, ತಿದ್ದುವುದು: ನಿಯಂತ್ರಣ ಶಾಸ್ತ್ರದ ಸಾರವೇ ಇಷ್ಟು.

ಹವೆ ಮಾತ್ರ ಅಂಥ ವಿಧೇಯ ಯಂತ್ರವಲ್ಲ. ಆರಂಭದಲ್ಲಿ ಕೂದಲೆಳೆಯಷ್ಟಿದ್ದ ವ್ಯತ್ಯಾಸ ಬೆಳೆದು ಪರಿಣಾಮವನ್ನೇ ಬದಲಿಸುತ್ತದೆಂದು ಅಮೆರಿಕದ ಎಡ್ವರ್ಡ್ ಲೊರೆಂಜ್ 1963ರಲ್ಲಿ ಒಂದು ಸರಳ ಲೆಕ್ಕದಿಂದ ತೋರಿಸಿದರು. ಹಾಗಾದರೆ ತಕ್ಕ ಗಳಿಗೆಯಲ್ಲಿ ಕೊಟ್ಟ ಸಣ್ಣ ನೂಕು ದೊಡ್ಡ ಬಿರುಗಾಳಿಯ ದಾರಿಯನ್ನೂ ತಿರುಗಿಸಬಾರದೇಕೆ? 2022ರಲ್ಲಿ ಜಪಾನಿನ ಮಿಯೋಶಿ ಮತ್ತು ಸನ್ ಎಂಬವರು ಲೊರೆಂಜರ ಅದೇ ಲೆಕ್ಕವನ್ನು ಗಣಕಯಂತ್ರದಲ್ಲಿ ಸಣ್ಣ ನೂಕುಗಳಿಂದಲೇ ಒಂದು ಮಗ್ಗುಲಲ್ಲಿ ನಿಲ್ಲಿಸಿದರು. ಆದರೆ ಅದು ಮೂರೇ ಸಂಖ್ಯೆಗಳ ಆಟ. ಸಹ್ಯಾದ್ರಿಯ ಮುಂಗಾರನ್ನು ಅಳೆಯಲು ಕೋಟಿಗಟ್ಟಲೆ ಸಂಖ್ಯೆಗಳು ಬೇಕು. ಅದನ್ನು ನೂಕುವ ಕೈ ಇನ್ನೂ ಹುಟ್ಟಿಲ್ಲ.

ನಮ್ಮ ರಾಜ್ಯ 2003ರಲ್ಲಿಯೂ, 'ವರ್ಷಧಾರಿ' ಹೆಸರಿನಲ್ಲಿ 2017ರಲ್ಲಿಯೂ ಮೋಡ ಬಿತ್ತನೆ ಮಾಡಿಸಿತು. ಅದು ಇದ್ದ ಮೋಡವನ್ನು ಕೆಣಕುವ ಕೆಲಸವೇ ಹೊರತು ಹವೆಯ ಚುಕ್ಕಾಣಿ ಹಿಡಿಯುವುದಲ್ಲ.

ನಾಳೆ ಚುಕ್ಕಾಣಿ ಸಿಕ್ಕಿತೆನ್ನಿ. ಮಹಾಬಳೇಶ್ವರದಲ್ಲಿ ತಪ್ಪಿಸಿದ ಮಳೆ ಮತ್ತೊಬ್ಬ ಬಡವನ ಹೊಲವನ್ನು ಕೊಚ್ಚಿದರೆ ಹೊಣೆ ಯಾರದು? 1967ರಿಂದ 1972ರವರೆಗೆ ಅಮೆರಿಕದ ಸೈನ್ಯ ವಿಯೆಟ್ನಾಂ ಯುದ್ಧದಲ್ಲಿ ಎದುರಾಳಿಯ ದಾರಿಗಳು ಕೆಸರಾಗಲೆಂದು ಮೋಡ ಬಿತ್ತಿತು. ಹವೆಯನ್ನು ಆಯುಧವಾಗಿಸುವುದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 1978ರಲ್ಲಿ ಜಾರಿಗೆ ಬಂತು. ಅದು ಯುದ್ಧದ ಬಳಕೆಗೆ ತಡೆ. ಲಾಭಕೋರನ ಬಳಕೆಗೆ ತಡೆಯಲ್ಲ.

ಆಕಾಶದ ಚುಕ್ಕಾಣಿ ದೂರವಿದ್ದರೂ ನೆಲದ ಚುಕ್ಕಾಣಿ ಮನುಷ್ಯನ ಕೈಯಲ್ಲೇ ಇದೆ. ಮೇಲೆ ಕೊಯ್ನಾ, ಕೆಳಗೆ ಆಲಮಟ್ಟಿ. ಅವುಗಳ ಗೇಟುಗಳನ್ನು ಯಾವಾಗ, ಎಷ್ಟು ತೆರೆಯಬೇಕೆಂಬುದೂ ಅಳೆದು, ಹೋಲಿಸಿ, ತಿದ್ದುವ ಕೆಲಸವೇ. ಮಳೆಯ ಮುನ್ಸೂಚನೆ ನೋಡಿ ಜಲಾಶಯದಲ್ಲಿ ಮೊದಲೇ ಜಾಗ ಮಾಡಿದರೆ ಪೂರದ ಏಟು ತಗ್ಗುತ್ತದೆ. ಆದುದರಿಂದ ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬ ಲೆಕ್ಕ ಮಳೆಗಾಲದುದ್ದಕ್ಕೂ ಎರಡೂ ರಾಜ್ಯಗಳ ದಂಡೆಯ ಜನಕ್ಕೆ, ಅವರ ಭಾಷೆಯಲ್ಲಿ, ನೀರು ಬರುವ ಮುಂಚೆ ತಲುಪಲಿ. ಇದು ನಮ್ಮ ಬೇಡಿಕೆ. ಇಂದು ಗೇಟಿನ ಲೆಕ್ಕ ಕೇಳೋಣ. ನಾಳೆ ಮೋಡದ ಲೆಕ್ಕ ಕೇಳುವ ಹಕ್ಕೂ ನಮ್ಮದಾದೀತು.