ಎರಡು ಪಟ್ಟಿ, ಒಂದು ಕೊಂಡಿ
(ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ವಿದ್ಯಾರ್ಥಿವೇತನ ಹಂಚುವ ಸಂಸ್ಥೆಗೆ ಎರಡು ಪಟ್ಟಿ ಬೇಕು. ಒಂದರಲ್ಲಿ ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ವಿಳಾಸ. ಇನ್ನೊಂದರಲ್ಲಿ ಯಾವ ವರ್ಷ ಎಷ್ಟು ಹಣ ಕೊಟ್ಟೆವೆಂಬ ವಿವರ. ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬರೆದರೆ, ಮನೆ ಬದಲಾದಾಗ ಹತ್ತು ಕಡೆ ತಿದ್ದಬೇಕಾಗುತ್ತದೆ. ಮಾಹಿತಿಯನ್ನು ಬೇರೆ ಬೇರೆ ಕೋಷ್ಟಕಗಳಲ್ಲಿಟ್ಟು ಸಂಬಂಧ ಕಲ್ಪಿಸುವ ಮಾದರಿಯನ್ನು 1970ರಲ್ಲಿ ಐ.ಬಿ.ಎಂ.ನ ಎಡ್ಗರ್ ಕಾಡ್ ಮಂಡಿಸಿದರು.

ಈ ಎರಡರ ನಡುವಿನ ಕೊಂಡಿ ಯಾವುದು? ಖಂಡಿತ ಹೆಸರಲ್ಲ. ತಿಲಕನಗರದಲ್ಲಿ ಒಬ್ಬ ಮೊಹಮ್ಮದ್ ಇಮ್ರಾನ್ ಇದ್ದರೆ ಬಿ.ಟಿ.ಎಂ. ಲೇಔಟಿನಲ್ಲಿ ಇನ್ನೊಬ್ಬನಿರಬಹುದು. ಒಬ್ಬನದೇ ಹೆಸರು ಒಂದು ಅಂಕಪಟ್ಟಿಯಲ್ಲಿ 'ಮಹಮ್ಮದ್', ಮತ್ತೊಂದರಲ್ಲಿ 'ಎಂ.ಡಿ.' ಎಂದಿರುತ್ತದೆ. ಹೆಸರನ್ನೇ ನಂಬಿದರೆ ಒಬ್ಬನ ಶುಲ್ಕ ಇನ್ನೊಬ್ಬನ ಲೆಕ್ಕಕ್ಕೆ ಹೋಗುತ್ತದೆ. ಕೊನೆಗೆ ಸೀಟು ಕಳೆದುಕೊಳ್ಳುವವನು ಬಡ ಹುಡುಗ. ಆದ್ದರಿಂದ ಪ್ರತಿ ವಿದ್ಯಾರ್ಥಿಗೂ ಒಂದು ಸಂಖ್ಯೆ ಇರಲಿ; ಹಣದ ಕೋಷ್ಟಕದಲ್ಲಿ ಆ ಸಂಖ್ಯೆಯೇ ಇರಲಿ. ಇದನ್ನೇ ಫಾರಿನ್ ಕೀ ಎನ್ನುತ್ತಾರೆ.

ಎಸ್‌ಕ್ಯೂಲೈಟ್ ಬಳಸುವ ಸೌಲಭ್ಯ 2006ರ ಪೈಥಾನ್ 2.5ರಿಂದ ಪೈಥಾನ್ ಜೊತೆಗೇ ಬರುತ್ತಿದೆ. ಬೇರೆ ಖರ್ಚಿಲ್ಲ. ಬರೆಯುವ ಕ್ರಮ ಹೀಗೆ:

1. ಎಸ್‌ಕ್ಯೂಲೈಟ್‌ನಲ್ಲಿ ಫಾರಿನ್ ಕೀ ತಪಾಸಣೆ ಸಾಮಾನ್ಯವಾಗಿ ತಾನಾಗಿ ನಡೆಯುವುದಿಲ್ಲ. ಪ್ರತಿ ಸಲ ಸಂಪರ್ಕ ತೆರೆದಾಗ ಪ್ರಾಗ್ಮಾ ಆದೇಶ ಕೊಟ್ಟು ಅದನ್ನು ಚಾಲೂ ಮಾಡಿ.

2. ಮೊದಲು ವಿದ್ಯಾರ್ಥಿಯ ವಿವರ ಸೇರಿಸಿ. ಮೌಲ್ಯಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಮೌಲ್ಯಗಳನ್ನು ಬೇರೆಯಾಗಿ ಕೊಡಿ. ಇಲ್ಲದಿದ್ದರೆ 'ಸನಾ'ಉಲ್ಲಾ' ಎಂಬ ಹೆಸರಿನ ನಡುವಿನ ಚಿಹ್ನೆಯೇ ಆದೇಶವನ್ನು ಕೆಡಿಸುತ್ತದೆ.

3. ಡೇಟಾಬೇಸ್ ಕೊಟ್ಟ ಹೊಸ ಸಂಖ್ಯೆಯನ್ನು ಕರ್ಸರ್‌ನ 'ಲಾಸ್ಟ್‌ರೋಐಡಿ'ಯಿಂದ ಪಡೆಯಿರಿ. ಪಟ್ಟಿಯ ಅತಿ ದೊಡ್ಡ ಸಂಖ್ಯೆ ನಮ್ಮದೇ ಎಂದುಕೊಳ್ಳಬೇಡಿ. ಹಳೆಯ ವಿದ್ಯಾರ್ಥಿಯಾದರೆ ಅವನ ಹಳೆಯ ಸಂಖ್ಯೆಯನ್ನೇ ಬಳಸಿ.

4. ಆ ಸಂಖ್ಯೆಯೊಡನೆ ಹಣದ ವಿವರ ಸೇರಿಸಿ.

5. ಎರಡೂ ಸರಿಯಾದ ಮೇಲೆ ಒಮ್ಮೆ 'ಕಮಿಟ್' ಮಾಡಿ. ಎರಡನೆಯದು ವಿಫಲವಾದರೆ 'ರೋಲ್‌ಬ್ಯಾಕ್' ಮಾಡಿ; ಮೊದಲನೆಯದೂ ರದ್ದಾಗುತ್ತದೆ. ಅರ್ಧ ಬರೆದ ದಾಖಲೆ ಉಳಿಯಬಾರದು.

ಮಿತ್ರರೇ, ಪವಿತ್ರ ಕುರ್‌ಆನ್‌ನ ಅಲ್-ಬಕರಃ ಅಧ್ಯಾಯದ 282ನೆಯ ಸೂಕ್ತವು ಸಾಲದ ವ್ಯವಹಾರ ಚಿಕ್ಕದಿರಲಿ, ದೊಡ್ಡದಿರಲಿ, ಬೇಸರಪಡದೆ ಬರೆದಿಡಬೇಕೆಂದು ಕಲಿಸುತ್ತದೆ. ದಾನಿಗಳು ನಂಬಿ ಒಪ್ಪಿಸಿದ ಹಣಕ್ಕೂ ಅಷ್ಟೇ ಎಚ್ಚರ ಬೇಡವೇ? ಜಯನಗರ, ಜೆ.ಪಿ. ನಗರ, ಬನಶಂಕರಿಯಲ್ಲಿ ಕಂಪ್ಯೂಟರ್ ಓದುತ್ತಿರುವ ನೀವು ವಾರಕ್ಕೆ ಎರಡು ಗಂಟೆ ಕೊಟ್ಟು, ನಿಮ್ಮ ಬಡಾವಣೆಯ ಮದರಸ, ವಾಚನಾಲಯಗಳ ದಾಖಲೆಗಳನ್ನು ಹೀಗೆ ಸಿದ್ಧಪಡಿಸಿಕೊಡಿ. ನಿಮ್ಮ ವಿದ್ಯೆ ನಿಮಗೂ ಸಮಾಜಕ್ಕೂ ಉಪಯೋಗವಾಗಲಿ ಎಂದು ದುಆ ಮಾಡುತ್ತಾ ನನ್ನ ಮಾತು ಮುಗಿಸುತ್ತೇನೆ.