ಗುರುಗ್ರಹದ ಕೆಂಪು ಮಚ್ಚೆ ಕುಗ್ಗುತ್ತಿದೆ

ಬಂಗಾಳಕೊಲ್ಲಿಯಲ್ಲಿ ಎದ್ದ ಚಂಡಮಾರುತ ಎಷ್ಟು ದಿನ ಇದ್ದೀತು? ಒಂದು ವಾರ, ಹೆಚ್ಚೆಂದರೆ ಎರಡು. ಬೆಚ್ಚಗಿನ ಕಡಲ ನೀರು ಅದರ ಆಹಾರ. ನೆಲ ಮುಟ್ಟಿತೋ, ಆ ಆಹಾರ ತಪ್ಪಿ ಸೊರಗುತ್ತದೆ. ಆದರೆ ಗುರುಗ್ರಹದಲ್ಲಿ ಅಪ್ಪಳಿಸುವುದಕ್ಕೆ ನೆಲವೇ ಇಲ್ಲ. ಅಲ್ಲಿನ ದಕ್ಷಿಣಾರ್ಧದಲ್ಲಿ ಒಂದು ಬಿರುಗಾಳಿ ಕಡಿಮೆಯೆಂದರೂ 190 ವರ್ಷಗಳಿಂದ ಸುತ್ತುತ್ತಲೇ ಇದೆ. ದೂರದರ್ಶಕದಲ್ಲಿ ಕೆಂಪಗೆ, ಮೊಟ್ಟೆಯಾಕಾರದಲ್ಲಿ ಕಾಣುವ ಅದಕ್ಕೆ ದೊಡ್ಡ ಕೆಂಪು ಮಚ್ಚೆ ಎಂದು ಹೆಸರು. ಈಗ ಅದು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿದೆ.

ಇದರ ವಯಸ್ಸು 350 ವರ್ಷ ಎಂದು ಹಳೆಯ ಪುಸ್ತಕಗಳಲ್ಲಿ ಓದಿದವರಿರಬಹುದು. 1665ರಲ್ಲಿ ಖಗೋಳಜ್ಞ ಕ್ಯಾಸಿನಿ ಗುರುವಿನ ಮೇಲೆ ಒಂದು ಮಚ್ಚೆ ಕಂಡದ್ದು ನಿಜ. ಆದರೆ 1713ರ ನಂತರ ನೂರಕ್ಕೂ ಹೆಚ್ಚು ವರ್ಷ ಅದನ್ನು ಯಾರೂ ನೋಡಿದ ದಾಖಲೆ ಇಲ್ಲ. ಹಳೆಯ ಚಿತ್ರಗಳನ್ನೆಲ್ಲ ಅಳೆದು ನೋಡಿದ ಸ್ಪೇನಿನ ಸಾಂಚೆಸ್ ಲವೇಗಾ ಮತ್ತು ಸಂಗಡಿಗರು, ಕ್ಯಾಸಿನಿ ಕಂಡದ್ದು ಬೇರೆಯದೇ ಮಚ್ಚೆ, ಅದು ಅಳಿದುಹೋಗಿರಬೇಕು ಎಂದು 2024ರಲ್ಲಿ ವಾದಿಸಿದರು. ನನಗೂ ಅದೇ ಸರಿ ಎನಿಸುತ್ತದೆ. ಇಂದಿನ ಮಚ್ಚೆಯ ಮೊದಲ ಗುರುತು ಸಿಗುವುದು 1831ರಲ್ಲಿ, ಔಷಧದ ಅಂಗಡಿ ಮಾರಿ ಆಕಾಶ ನೋಡಲು ಕುಳಿತ ಜರ್ಮನಿಯ ಶ್ವಾಬೆಯ ಚಿತ್ರದಲ್ಲಿ.

1879ರ ಹೊತ್ತಿಗೆ ಅದರ ಉದ್ದ ಸುಮಾರು 39,000 ಕಿಲೋಮೀಟರ್. ನಮ್ಮ ಭೂಮಿಯಂಥ ಮೂರು ಗೋಲಗಳನ್ನು ಸಾಲಾಗಿ ಇಡಬಹುದಿತ್ತು. ನೂರು ವರ್ಷ ಕಳೆದು, 1979ರಲ್ಲಿ ವಾಯೇಜರ್ ನೌಕೆಗಳು ಹಾದುಹೋದಾಗ 23,000 ಚಿಲ್ಲರೆಗೆ ಇಳಿದಿತ್ತು. 2017ರಲ್ಲಿ 16,350, ಅಂದರೆ ಒಂದು ಭೂಮಿ ಕೂತು, ಪಕ್ಕದಲ್ಲಿ ಒಂದಿಷ್ಟು ಜಾಗ ಉಳಿಯುವಷ್ಟು. ಇಳಿತವೇನೂ ಒಂದೇ ಸಮನೆ ನಡೆದಿಲ್ಲ. 1920ರ ದಶಕದಲ್ಲಿ ಅದು ಕೆಲಕಾಲ ಹಿಗ್ಗಿದ್ದೂ ಉಂಟು.

ಇಷ್ಟು ಕಾಲ ಅದು ಉಳಿದಿರುವುದಾದರೂ ಹೇಗೆ? ಮಚ್ಚೆಯ ಉತ್ತರಕ್ಕೆ ಒಂದು ಗಾಳಿಯ ಹೊಳೆ ಪಶ್ಚಿಮಕ್ಕೆ ಹರಿಯುತ್ತದೆ, ದಕ್ಷಿಣಕ್ಕೆ ಇನ್ನೊಂದು ಪೂರ್ವಕ್ಕೆ. ಎರಡು ಅಂಗೈಗಳನ್ನು ಎದುರುಬದುರು ಸರಿಸುತ್ತ ನಡುವೆ ಹಿಟ್ಟಿನ ಉಂಡೆ ಉರುಳಿಸುತ್ತೇವಲ್ಲ, ಹಾಗೆ ಈ ಬಿರುಗಾಳಿ ಅವೆರಡರ ನಡುವೆ ಸಿಕ್ಕಿಕೊಂಡು ಅಪ್ರದಕ್ಷಿಣವಾಗಿ ಉರುಳುತ್ತಿದೆ. ನಮ್ಮ ಚಂಡಮಾರುತದ ನಡುವೆ ಒತ್ತಡ ಕಡಿಮೆ. ಇದರ ನಡುವೆ ಹೆಚ್ಚು. ಅಕ್ಕಪಕ್ಕ ಹುಟ್ಟುವ ಸಣ್ಣಪುಟ್ಟ ಸುಳಿಗಳನ್ನೂ ಇದು ನುಂಗುತ್ತದೆ. ಕುಗ್ಗುವಿಕೆಯ ಕಾರಣ ಇಲ್ಲೇ ಇರಬಹುದು ಎಂಬುದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರ ಊಹೆ. ಸಣ್ಣ ಸುಳಿಗಳು ಬಂದು ಸೇರುತ್ತಿದ್ದರೆ ದೊಡ್ಡದು ಗಾತ್ರ ಉಳಿಸಿಕೊಳ್ಳುತ್ತದೆ, ಅವು ಕಡಿಮೆಯಾದರೆ ಬಡವಾಗುತ್ತದೆ ಎಂದು ಅವರ ಕಂಪ್ಯೂಟರ್ ಲೆಕ್ಕ ಹೇಳುತ್ತದೆ. ಇದೇ ಕೊನೆಯ ಮಾತು ಎಂದು ಅವರೂ ಹೇಳುತ್ತಿಲ್ಲ.

ಮಚ್ಚೆಯ ಆಳ ಅಳೆದ ಬಗೆಯಂತೂ ಬೆರಗು ಹುಟ್ಟಿಸುತ್ತದೆ. 2019ರಲ್ಲಿ ನಾಸಾದ ಜುನೋ ನೌಕೆ ಗಂಟೆಗೆ ಎರಡು ಲಕ್ಷ ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಎರಡು ಸಲ ಅದರ ಮೇಲೆ ಹಾರಿತು. ಕೆಳಗಿರುವ ಅನಿಲದ ರಾಶಿ ತನ್ನ ಗುರುತ್ವದಿಂದ ನೌಕೆಯನ್ನು ಇಷ್ಟೇ ಇಷ್ಟು ಎಳೆಯುತ್ತದೆ. ಆಗ ವೇಗದಲ್ಲಿ ಆಗುವ ಬದಲಾವಣೆ ಸೆಕೆಂಡಿಗೆ ಒಂದು ಮಿಲಿಮೀಟರಿನ ನೂರನೇ ಒಂದು ಪಾಲು! ಅದನ್ನು ಸುಮಾರು 65 ಕೋಟಿ ಕಿಲೋಮೀಟರ್ ದೂರದ ಭೂಮಿಯಿಂದ, ರೇಡಿಯೊ ಸಂಕೇತದ ಮೂಲಕವೇ ಹಿಡಿದರು. ಉತ್ತರ ಬಂದದ್ದು, ಆಳ ಹೆಚ್ಚೆಂದರೆ 500 ಕಿಲೋಮೀಟರ್. ಮೇಲಿನ ಹರವಿಗೆ ಹೋಲಿಸಿದರೆ ತೀರಾ ತೆಳುವಾದ ಬಿಲ್ಲೆ.

ಹಾಗಾದರೆ ಮಚ್ಚೆ ಸಾಯುತ್ತಿದೆಯೇ? ಅದರ ಅಂಚಿನಿಂದ ಕೆಂಪು ಚೂರುಗಳು ಕಳಚಿದ 2019ರಲ್ಲಿ ಪತ್ರಿಕೆಗಳು ಹಾಗೇ ಬರೆದವು. ನನ್ನ ಮಟ್ಟಿಗೆ ಅದು ಅವಸರದ ಮಾತು. ಉದ್ದ ಕುಗ್ಗಿದಂತೆ ಮಚ್ಚೆ ದುಂಡಗಾಗುತ್ತಿದೆ, ಎತ್ತರದಲ್ಲಿ ಕೊಂಚ ಬೆಳೆದಿದೆ, 2014ರಿಂದೀಚೆಗೆ ಬಣ್ಣವೂ ಗಾಢವಾಗಿದೆ. 2009ರಿಂದ 2020ರವರೆಗಿನ ಹಬಲ್ ದೂರದರ್ಶಕದ ಅಳತೆಗಳ ಪ್ರಕಾರ ಹೊರವಲಯದ ಗಾಳಿ ಶೇಕಡಾ 8ರವರೆಗೆ ಚುರುಕಾಗಿತ್ತು. ಹಾಗೆಂದು ಅದಕ್ಕೆ ಚಿರಂಜೀವಿ ಪಟ್ಟ ಕಟ್ಟುವಂತೆಯೂ ಇಲ್ಲ. ನೆಪ್ಚೂನಿನಲ್ಲಿ 1989ರಲ್ಲಿ ಕಂಡ ದೊಡ್ಡ ಕಪ್ಪು ಮಚ್ಚೆ, 1994ರಲ್ಲಿ ಹಬಲ್ ನೋಡುವ ಹೊತ್ತಿಗೆ ಮಾಯವಾಗಿತ್ತು.

ಮಚ್ಚೆಯ ಈ ಚರಿತ್ರೆಯ ಬಹುಪಾಲು ಬರೆದವರು ಮನೆಯ ಹಿತ್ತಲಿನಿಂದ, ಮಹಡಿಯಿಂದ ನೋಡಿದ ಹವ್ಯಾಸಿಗಳು. ನಿಮ್ಮಲ್ಲಿ ಆರು ಅಥವಾ ಎಂಟು ಅಂಗುಲದ ದೂರದರ್ಶಕವಿದ್ದರೆ ನೀವೂ ನೋಡಬಹುದು. ಒಂದು ಎಚ್ಚರಿಕೆ: ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುತ್ತಾನೆ, ಮಚ್ಚೆ ಎದುರಿಗೆ ಚೆನ್ನಾಗಿ ಕಾಣುವುದು ಒಂದೆರಡು ಗಂಟೆ ಮಾತ್ರ. ಅದು ಗುರುವಿನ ಬಿಂಬದ ನಡುಗೆರೆ ದಾಟುವ ಹೊತ್ತನ್ನು ಮೊದಲೇ ತಿಳಿದುಕೊಂಡು ಮಹಡಿ ಹತ್ತಿ.