ಕಣ್ಣು ಹಾಕುವ ಲೆಕ್ಕ



ಇವತ್ತಿನ ವಿಷಯ ದೃಷ್ಟಿಭ್ರಮೆ. ಇದನ್ನು ಬೆಂಗಳೂರಿನ ಸಭಾಂಗಣದಲ್ಲಿ ಹೇಳುವುದಕ್ಕಿಂತ ಇಲ್ಲಿ, ಗೊರವನಹಳ್ಳಿಯಲ್ಲಿ, ಹೇಳುವುದೇ ಸರಿ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಇಲ್ಲಿಂದ ತೀತಾ ಜಲಾಶಯದ ಏರಿ ಹತ್ತಿದರೆ ಜಯಮಂಗಲಿಯ ನಿಜವಾದ ನೀರು ಕಾಣುತ್ತದೆ. ಮಧುಗಿರಿ ದಾಟಿ ಪಾವಗಡದ ಕಡೆಗೆ ಹೋದರೆ, ಬೇಸಿಗೆಯ ಮಧ್ಯಾಹ್ನದಲ್ಲಿ ಟಾರು ರಸ್ತೆಯ ಮೇಲೆ ಇಲ್ಲದ ನೀರು ಕಾಣುತ್ತದೆ. ಎರಡನ್ನೂ ಕಾಣುವುದು ಒಂದೇ ಕಣ್ಣು. ಆ ಕಣ್ಣು ಎರಡು ಕಡೆಯೂ ಒಂದೇ ಪ್ರಾಮಾಣಿಕತೆಯಿಂದ ಕೆಲಸ ಮಾಡುತ್ತಿದೆ ಎಂಬುದೇ ನನ್ನ ಮಾತಿನ ತಿರುಳು. ಭ್ರಮೆ ಕಣ್ಣಿನ ರೋಗವಲ್ಲ. ಕಣ್ಣು ದಿನವಿಡೀ ಸದ್ದಿಲ್ಲದೆ ಹಾಕುತ್ತಿರುವ ಲೆಕ್ಕ ನಮಗೆ ಗೋಚರವಾಗುವ ಅಪರೂಪದ ಗಳಿಗೆ ಅದು.

ಮೊದಲು ಬಿಸಿಲುಗುದುರೆ. 1798ರಲ್ಲಿ ನೆಪೋಲಿಯನ್ನನ ದಂಡಿನ ಜೊತೆ ಈಜಿಪ್ಟಿಗೆ ಹೋದ ಗಣಿತಜ್ಞ ಗಾಸ್ಪಾರ್ ಮೊಂಜ್ ಮರುಭೂಮಿಯಲ್ಲಿ ಇದನ್ನು ಕಂಡು ಕಾರಣ ವಿವರಿಸಿದ. ಕಾದ ನೆಲಕ್ಕೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ಬಿಸಿ, ಆದ್ದರಿಂದ ತೆಳು. ಆಕಾಶದಿಂದ ಬಹಳ ಓರೆಯಾಗಿ ಇಳಿದ ಬೆಳಕು ಈ ತೆಳು ಪದರದಲ್ಲಿ ಬಾಗಿ, ನೆಲ ಮುಟ್ಟದೆ ಮೇಲಕ್ಕೆ ತಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ಬೆಳಕು ಬಾಗುವುದು ತೀರ ಸ್ವಲ್ಪವಾದ್ದರಿಂದ ದೂರದಲ್ಲಷ್ಟೇ ನೀರು ಕಾಣುತ್ತದೆ, ಹತ್ತಿರ ಹೋದಷ್ಟೂ ಹಿಂದೆ ಸರಿಯುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದರೆ ಅದರಲ್ಲೂ ಬರುತ್ತದೆ. ಅಂದರೆ ಇಲ್ಲಿಯವರೆಗೆ ಕಣ್ಣಿನ ತಪ್ಪು ಏನೂ ಇಲ್ಲ. ನೆಲದ ಮೇಲೆ ಆಕಾಶದ ತುಂಡೊಂದು ನಿಜವಾಗಿಯೂ ಹೊಳೆಯುತ್ತಿದೆ. ಅದನ್ನು ನೀರು ಅಂದುಕೊಳ್ಳುವುದು ಮಾತ್ರ ನಮ್ಮದು. ನೆಲದ ಮೇಲೆ ಆಕಾಶ ಕಂಡಾಗಲೆಲ್ಲ ಅಲ್ಲಿ ನೀರೇ ಇದ್ದದ್ದು ನಮ್ಮ ಹಳೆಯ ಅನುಭವ.

ಹುಣ್ಣಿಮೆಯ ಚಂದ್ರನ ಕಥೆ ಬೇರೆ. ಮಧುಗಿರಿಯ ಬಂಡೆಯ ಅಂಚಿನಲ್ಲಿ ಮೂಡುವ ಚಂದ್ರ ತೇರಿನ ಗಾಲಿಯಷ್ಟು ದೊಡ್ಡದಾಗಿ ಕಾಣುತ್ತಾನೆ. ನಡುರಾತ್ರಿ ನೆತ್ತಿಯ ಮೇಲೆ ಬಂದಾಗ ಕುಗ್ಗಿರುತ್ತಾನೆ. ಕ್ಯಾಮೆರಾ ಇದನ್ನು ಒಪ್ಪುವುದಿಲ್ಲ. ಅದರ ಲೆಕ್ಕದಲ್ಲಿ ಎರಡೂ ಹೊತ್ತು ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. ಭೂಮಿಯ ಅರ್ಧವ್ಯಾಸದಷ್ಟು ಹೆಚ್ಚು ದೂರದಲ್ಲಿರುವುದರಿಂದ ದಿಗಂತದ ಚಂದ್ರ ಒಂದು ಕೂದಲೆಳೆಯಷ್ಟು ಚಿಕ್ಕವನೇ. ಒಂದು ಹಾಳೆಯನ್ನು ಕೊಳವೆಯಾಗಿ ಸುತ್ತಿ, ಬೆಟ್ಟ ಮರಗಳು ಮರೆಯಾಗುವಂತೆ ಚಂದ್ರನನ್ನು ಮಾತ್ರ ನೋಡಿ, ಆ ದೊಡ್ಡಸ್ತಿಕೆ ಇಳಿಯುತ್ತದೆ. ನಡುವೆ ಹೊಲ, ತೋಪು, ಬೆಟ್ಟ ಹಾಸಿಕೊಂಡಿದ್ದಾಗ ಮಿದುಳು ದಿಗಂತವನ್ನು ಬಹುದೂರವೆಂದು ಎಣಿಸಿ, ಅಷ್ಟು ದೂರದಲ್ಲಿದ್ದೂ ಇಷ್ಟು ಕಾಣುವ ವಸ್ತು ದೊಡ್ಡದೇ ಇರಬೇಕೆಂದು ತೀರ್ಮಾನಿಸುತ್ತದೆ ಎಂಬುದು ಹೆಚ್ಚು ಪ್ರಚಾರದಲ್ಲಿರುವ ವಿವರಣೆ. ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಆದರೆ ಭ್ರಮೆ ಬಾನಿನಲ್ಲಿಲ್ಲ, ನಮ್ಮಲ್ಲಿದೆ ಎಂಬುದರಲ್ಲಿ ಜಗಳವಿಲ್ಲ.

ಭ್ರಮೆಯನ್ನು ಕುರಿತ ಜಗಳ ಕನ್ನಡ ನೆಲಕ್ಕೆ ಹೊಸದೂ ಅಲ್ಲ. ಕಪ್ಪೆಚಿಪ್ಪು ಬೆಳ್ಳಿಯಾಗಿ ಕಂಡಾಗ ಕಂಡದ್ದು ಏನು ಎಂಬ ಒಂದೇ ಪ್ರಶ್ನೆಗೆ ಶೃಂಗೇರಿ, ಮೇಲುಕೋಟೆ, ಉಡುಪಿಯ ಪರಂಪರೆಗಳು ಮೂರು ಉತ್ತರ ಕೊಟ್ಟಿವೆ. ಅದ್ವೈತಿಗಳ ಪ್ರಕಾರ ಆ ಬೆಳ್ಳಿ ಇದೆ ಎನ್ನುವಂತಿಲ್ಲ, ಏಕೆಂದರೆ ಚಿಪ್ಪು ಎಂದು ತಿಳಿದೊಡನೆ ಹೋಗುತ್ತದೆ. ಇಲ್ಲ ಎನ್ನುವಂತಿಲ್ಲ, ಏಕೆಂದರೆ ಕಂಡಿತು. ಅದು ಅನಿರ್ವಚನೀಯ. ರಾಮಾನುಜರು ಜ್ಞಾನವೆಲ್ಲ ಯಥಾರ್ಥವೇ ಎನ್ನುತ್ತಾರೆ. ಪಂಚಭೂತಗಳು ಒಂದರೊಳಗೊಂದು ಬೆರೆತಿರುವುದರಿಂದ ಬಿಸಿಲುಗುದುರೆಯಲ್ಲೂ ನೀರಿನ ಅಂಶ ಇದ್ದೇ ಇದೆ, ಉಳಿದ ಅಂಶಗಳು ಕಣ್ಣಿಗೆ ಬೀಳದೆ ಅದೊಂದೇ ಕಂಡಿತು ಎಂಬುದು ಅವರ ನಿಲುವು. ಮಧ್ವರು ನೇರವಾಗಿ, ಅಲ್ಲಿ ಕಂಡ ಬೆಳ್ಳಿ ಅಸತ್, ಸುಳ್ಳೇ ಸುಳ್ಳು, ಚಿಪ್ಪು ಮಾತ್ರ ನಿಜ ಎಂದರು.

ಇಂದಿನ ಮನೋವಿಜ್ಞಾನಿ ಈ ಮೂವರಲ್ಲಿ ಯಾರ ಪರ ಎಂದು ಕೇಳಬೇಡಿ. ಅವರು ಹಿಡಿದದ್ದು ಸತ್ಯದ ಸ್ವರೂಪದ ಪ್ರಶ್ನೆ, ಪ್ರಯೋಗಶಾಲೆ ಹಿಡಿದಿರುವುದು ಕಣ್ಣಿನ ಕೆಲಸದ ಪ್ರಶ್ನೆ. ಆದರೂ ಅದ್ವೈತಿಗಳು ಮಾಡಿದ ಒಂದು ವಿಂಗಡಣೆ ನನ್ನನ್ನು ಬಹಳ ಸೆಳೆದಿದೆ. ಹಾವಾಗಿ ಕಂಡದ್ದು ಹಗ್ಗ ಎಂದು ತಿಳಿದ ಮೇಲೆ ಆ ಹಾವು ಕಾಣುವುದಿಲ್ಲ. ಸ್ಫಟಿಕದ ಪಕ್ಕದಲ್ಲಿ ದಾಸವಾಳ ಇಟ್ಟಾಗ ಕಾಣುವ ಕೆಂಪಾದರೋ, ಸ್ಫಟಿಕ ಬಿಳಿಯದೆಂದು ಚೆನ್ನಾಗಿ ತಿಳಿದ ಮೇಲೂ ಹೂವು ಇರುವಷ್ಟು ಹೊತ್ತು ಕಾಣುತ್ತಲೇ ಇರುತ್ತದೆ. ಮೊದಲನೆಯದು ನಿರುಪಾಧಿಕ ಭ್ರಮೆ, ಎರಡನೆಯದು ಸೋಪಾಧಿಕ. ಜರ್ಮನಿಯ ಮುಲ್ಲರ್-ಲೈಯರ್ 1889ರಲ್ಲಿ ಎರಡು ಸಮ ಗೆರೆಗಳನ್ನು ಬರೆದು, ಒಂದರ ತುದಿಗಳಿಗೆ ಒಳಮುಖದ ಬಾಣವನ್ನೂ ಇನ್ನೊಂದಕ್ಕೆ ಹೊರಮುಖದ ಬಾಣವನ್ನೂ ಸೇರಿಸಿದ. ಅಳತೆಪಟ್ಟಿ ಇಟ್ಟು ಸಮ ಎಂದು ನೋಡಿಕೊಂಡವರಿಗೂ ಗೆರೆಗಳು ಅಸಮವಾಗಿಯೇ ಕಾಣುತ್ತವೆ. ತಿಳಿವಳಿಕೆ ಬಂದರೂ ನೋಟ ಬದಲಾಗದ ಈ ಹಟವೇ ದೃಷ್ಟಿವಿಜ್ಞಾನದ ಮುಖ್ಯ ಸಂಗತಿ, ಮತ್ತು ನಮ್ಮವರು ಅದನ್ನು ಬಹಳ ಹಿಂದೆಯೇ ಬೇರೆಯಾಗಿ ಗುರುತಿಸಿ ಹೆಸರಿಟ್ಟಿದ್ದರು.

ಈ ಲೆಕ್ಕವನ್ನು ಕಣ್ಣು ಎಲ್ಲಿ ಕಲಿಯಿತು? ಇಂಗ್ಲೆಂಡಿನ ರಿವರ್ಸ್ ನಮ್ಮ ಪಕ್ಕದ ನೀಲಗಿರಿಗೆ ಬಂದು ಅಲ್ಲಿನ ತೋಡ ಬುಡಕಟ್ಟಿನವರಿಗೆ ಇದೇ ಗೆರೆಗಳನ್ನು ತೋರಿಸಿ, 1905ರಲ್ಲಿ ಫಲಿತಾಂಶ ಪ್ರಕಟಿಸಿದ. ತೋಡರು ಇಂಗ್ಲಿಷರಿಗಿಂತ ಕಡಿಮೆ ಮೋಸ ಹೋದರು. ಮೂಲೆ ಗೋಡೆಗಳ ಮನೆಗಳಲ್ಲಿ ಬೆಳೆದವರ ಕಣ್ಣು ಬಾಣದ ತುದಿಯನ್ನು ಕೋಣೆಯ ಮೂಲೆಯೆಂದು ಓದುತ್ತದೆ ಎಂದು ಮುಂದಿನವರು ವಾದಿಸಿದರು. ಆದರೆ ಪ್ರೊಜೆಕ್ಟ್ ಪ್ರಕಾಶ್ ಎಂಬ ಯೋಜನೆಯಲ್ಲಿ, ಹುಟ್ಟಿನಿಂದ ಕುರುಡಾಗಿದ್ದು ಎಂಟು ವರ್ಷ ದಾಟಿದ ಮೇಲೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ ಭಾರತದ ಮಕ್ಕಳಿಗೆ ಪವನ್ ಸಿನ್ಹಾ ಮತ್ತು ಸಂಗಡಿಗರು ಈ ಚಿತ್ರಗಳನ್ನು ತೋರಿಸಿದಾಗ, ಕಣ್ಣು ಬಿಟ್ಟ ಒಂದೆರಡು ದಿನದೊಳಗೇ ಆ ಮಕ್ಕಳೂ ಮೋಸ ಹೋದರು. 2015ರಲ್ಲಿ ಪ್ರಕಟವಾದ ಅಧ್ಯಯನ ಇದು. ಕೋಣೆಯ ಮೂಲೆಯನ್ನು ಅವರು ಆವರೆಗೆ ಕಂಡಿರಲೇ ಇಲ್ಲ. ಕೆಲವು ಲೆಕ್ಕ ಬಾಳಿನಿಂದ ಬರುತ್ತದೆ, ಕೆಲವು ಹುಟ್ಟಿನಿಂದಲೇ ಕಣ್ಣಿನ ಹೆಣಿಗೆಯಲ್ಲಿ ಇರುತ್ತದೆ ಎಂದು ನಾನು ಓದುತ್ತೇನೆ.

ಹೆಣಿಗೆಯ ಒಂದು ಎಳೆಯನ್ನು ನೀವೇ ಪರೀಕ್ಷಿಸಬಹುದು. ಶಾಸನದ ಕಲ್ಲಿನ ಫೋಟೊ ಒಂದನ್ನು ತಲೆಕೆಳಗಾಗಿಸಿ ನೋಡಿ. ಕೊರೆದ ಅಕ್ಷರಗಳು ಎಷ್ಟೋ ಸಲ ಉಬ್ಬಕ್ಷರಗಳಾಗಿ ಎದ್ದು ನಿಲ್ಲುತ್ತವೆ. ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ಕಣ್ಣು ನಂಬಿದೆ. ಮೇಲಂಚು ಬೆಳ್ಳಗೆ, ಕೆಳಗೆ ನೆರಳಿದ್ದರೆ ಉಬ್ಬು, ತಿರುವುಮುರುವಾದರೆ ತಗ್ಗು. ವಿ. ಎಸ್. ರಾಮಚಂದ್ರನ್ 1988ರಲ್ಲಿ ಇದನ್ನು ಸರಳ ವೃತ್ತಗಳಿಂದಲೇ ತೋರಿಸಿಕೊಟ್ಟರು. ನಿಮ್ಮ ತಾಲ್ಲೂಕುಗಳ ಪ್ರಾಣಿಯೊಂದರ ಮೈಮೇಲೂ ಈ ಪಾಠ ಬರೆದಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿಯ ಹೆಸರಿನದೇ ಕೃಷ್ಣಮೃಗ ಮೀಸಲು ಪ್ರದೇಶ ಇದೆ. ಕೃಷ್ಣಮೃಗದ ಬೆನ್ನು ಗಾಢ, ಹೊಟ್ಟೆ ಬಿಳುಪು. ಬೆನ್ನಿಗೆ ಬಿದ್ದ ಬಿಸಿಲು ಗಾಢ ಬಣ್ಣದಿಂದ ಮಂಕಾಗುತ್ತದೆ, ಹೊಟ್ಟೆಯ ನೆರಳು ಬಿಳುಪಿನಿಂದ ತಿಳಿಯಾಗುತ್ತದೆ. ಹೀಗೆ ಬಣ್ಣ ಪಡೆದ ಪ್ರಾಣಿಯ ಮೈಯ ದುಂಡುತನ ಬೇಟೆಗಾರ ಪ್ರಾಣಿಯ ಕಣ್ಣಿಗೆ ಸಿಗದೆ ಬಯಲಿನ ಹುಲ್ಲಿನಲ್ಲಿ ಕರಗುತ್ತದೆ ಎಂಬ ವಿವರಣೆಯನ್ನು ಅಮೆರಿಕದ ಚಿತ್ರಕಾರ ಅಬಟ್ ಥೇಯರ್ 1896ರಲ್ಲಿ ಮುಂದಿಟ್ಟ.

ಈಗ ಪಾವಗಡ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರವಿದ್ಯುತ್ ಉದ್ಯಾನ ಹರಡಿದೆ. ಬರದಿಂದ ಬಸವಳಿದ ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆಗೆ ಭೂಮಿ ಕೊಟ್ಟಿದ್ದಾರೆ. ಎತ್ತರದಿಂದ ನೋಡಿದರೆ ಅದು ಕಪ್ಪುನೀಲಿ ಕೆರೆಯಂತೆ ಕಾಣುತ್ತದೆ. ನಮಗೆ ಅದು ಕ್ಷಣದ ಭ್ರಮೆ. ನೀರನ್ನು ಹುಡುಕಿ ಮೊಟ್ಟೆ ಇಡುವ ಕೀಟಗಳಿಗೆ ಹಾಗಲ್ಲ. ನೀರಿನ ಮೇಲೆ ತಾಗಿ ಬಂದ ಬೆಳಕು ಹೆಚ್ಚಾಗಿ ಅಡ್ಡಡ್ಡವಾಗಿ ಕಂಪಿಸುತ್ತದೆ. ಇದು ಧ್ರುವೀಕೃತ ಬೆಳಕು. ನಮಗೆ ಕಾಣದ ಈ ಗುರುತಿನಿಂದಲೇ ಜಲಕೀಟಗಳು ನೀರನ್ನು ಪತ್ತೆಹಚ್ಚುತ್ತವೆ. ಹಂಗೇರಿಯ ಗಾಬೋರ್ ಹೋರ್ವಾತ್ ಮತ್ತು ಸಂಗಡಿಗರು 1997ರಲ್ಲಿ ಬಿಸಿಲುಗುದುರೆಯ ಬೆಳಕನ್ನು ಅಳೆದರು. ಅದರಲ್ಲಿ ಈ ಗುರುತು ಇಲ್ಲ. ಹಾಗಾಗಿ ನಮ್ಮನ್ನು ಮರುಳು ಮಾಡುವ ಬಿಸಿಲುಗುದುರೆಗೆ ಆ ಕೀಟಗಳು ಮರುಳಾಗುವುದಿಲ್ಲ! ಸೌರಫಲಕದ ನುಣುಪು ಗಾಜಿನಲ್ಲಾದರೋ ಗುರುತು ನೀರಿಗಿಂತಲೂ ಗಾಢವಾಗಿರುತ್ತದೆ. 2010ರಲ್ಲಿ ಅದೇ ತಂಡ ಫಲಕಗಳ ಮೇಲೆ ಜಲಕೀಟಗಳು ಮೊಟ್ಟೆ ಇಡುವುದನ್ನು ದಾಖಲಿಸಿತು. ಅಲ್ಲಿ ಇಟ್ಟ ಮೊಟ್ಟೆ ಒಣಗಿ ಸಾಯುತ್ತದೆ.

ಕೋಟ್ಯಂತರ ವರ್ಷ ತಪ್ಪದ ಲೆಕ್ಕ ಅದು. ಅಡ್ಡ ಬೆಳಕು ಎಂದರೆ ನೀರು. ಕೀಟ ಬದಲಾಗಲಿಲ್ಲ, ಅದರ ಸುತ್ತಲಿನ ನೆಲ ಬದಲಾಯಿತು. ಆ ಸಂಶೋಧಕರು ಸುಮ್ಮನೆ ಮರುಗಿ ಕೂರಲಿಲ್ಲ, ಫಲಕವನ್ನು ತೆಳುವಾದ ಬಿಳಿ ಗೆರೆಗಳಿಂದ ಚೌಕಗಳಾಗಿ ಭಾಗಿಸಿ ನೋಡಿದರು. ಕೀಟಗಳ ಆಕರ್ಷಣೆ ಹತ್ತು ಪಟ್ಟಿಗೂ ಹೆಚ್ಚು ಇಳಿಯಿತು. ಪಾವಗಡದ ಬಯಲಿನಲ್ಲಿ ಮಳೆಗಾಲದ ಜಲಕೀಟಗಳು ಏನು ಮಾಡುತ್ತಿವೆ ಎಂದು ಇಲ್ಲಿಯ ಕಾಲೇಜುಗಳ ವಿದ್ಯಾರ್ಥಿಗಳು ಎಣಿಸಿ ನೋಡಬೇಕು ಎಂಬುದು ನನ್ನ ಮನವಿ. ಅದಕ್ಕೆ ದೊಡ್ಡ ಉಪಕರಣ ಬೇಡ.

ನಮ್ಮ ಸುತ್ತಲಿನ ನೆಲವೂ ಹಾಗೆಯೇ ಬದಲಾಗಿದೆ. ಶಿರಾದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ನ್ನೇ ತೆಗೆದುಕೊಳ್ಳಿ. ಅಲ್ಲಿ ರಸ್ತೆ ದಾಟುವವರ ಕಣ್ಣು ದೊಡ್ಡ ವಾಹನಗಳ ವೇಗವನ್ನು ಅಳೆಯಬೇಕು. ದೊಡ್ಡ ವಸ್ತು ಚಿಕ್ಕದಕ್ಕಿಂತ ನಿಧಾನವಾಗಿ ಬರುತ್ತಿರುವಂತೆ ಕಾಣುತ್ತದೆ ಎಂದು ಅಮೆರಿಕದ ಲೀಬೊವಿಟ್ಸ್ 1985ರಲ್ಲಿ, ರೈಲ್ವೆ ಗೇಟುಗಳ ಅಪಘಾತಗಳನ್ನು ಕುರಿತು ಬರೆಯುತ್ತ ಹೇಳಿದ. ನ್ಯೂಜಿಲೆಂಡಿನ ಸಂಶೋಧಕರು 2013ರಲ್ಲಿ ಪ್ರಯೋಗದಿಂದ ಅದನ್ನು ಗಟ್ಟಿ ಮಾಡಿದರು. ಲಾರಿ, ಬಸ್ಸುಗಳ ವಿಷಯದಲ್ಲೂ ಈ ಎಚ್ಚರ ಬೇಕು ಎಂದೇ ನನ್ನ ಎಣಿಕೆ. ಎತ್ತಿನ ಗಾಡಿಯ ಕಾಲದಲ್ಲಿ ಈ ಭ್ರಮೆಯಿಂದ ಯಾರ ಜೀವವೂ ಹೋಗುತ್ತಿರಲಿಲ್ಲ. ಈಗ ಹುಲ್ಲಿನ ಹೊರೆ ಹೊತ್ತ ತಾಯಿ, ಶಾಲೆಯಿಂದ ಬರುವ ಮಗು, 'ಇನ್ನೂ ದೂರ ಇದೆ, ನಿಧಾನ ಬರ್ತಿದೆ' ಎಂದು ಹೆಜ್ಜೆ ಇಡುತ್ತಾರೆ. ಅವರನ್ನು ಅಜಾಗರೂಕರು ಎಂದು ಬಯ್ಯುವ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ತಿಳಿವಳಿಕೆ ಬಂದರೂ ಆ ನೋಟ ಬದಲಾಗದು. ಆದ್ದರಿಂದ ಮಕ್ಕಳಿಗೆ ಹೇಳಿಕೊಡಬೇಕಾದದ್ದು ಒಂದು ನಿಯಮ: ದೊಡ್ಡ ಗಾಡಿ ಕಂಡರೆ ಅದರ ವೇಗವನ್ನು ಕಣ್ಣಿನಿಂದ ಅಳೆಯಬೇಡ, ಅದು ದಾಟಿಹೋಗಲಿ. ಕೆಳಸೇತುವೆ ಕೊಡಿ ಎಂದು ಊರಿನವರು ಕೇಳುವುದಕ್ಕೂ ಈ ವಿಜ್ಞಾನದ ಬೆಂಬಲವಿದೆ.

ಭ್ರಮೆಯನ್ನು ಕಾವಲಿಗೆ ಹಚ್ಚುವ ದಾರಿಯೂ ಇದೆ. ಬ್ರಿಟನ್ನಿನಲ್ಲಿ ಡೆಂಟನ್ ಎಂಬ ಸಂಶೋಧಕ ಸ್ಕಾಟ್ಲೆಂಡಿನ ನ್ಯೂಬ್ರಿಜ್ ವೃತ್ತಕ್ಕೆ ಬರುವ ರಸ್ತೆಯಲ್ಲಿ 1970ರ ದಶಕದಲ್ಲಿ ಅಡ್ಡಪಟ್ಟಿಗಳನ್ನು ಬಳಿಸಿದ. ವೃತ್ತ ಹತ್ತಿರವಾದಂತೆ ಪಟ್ಟಿಗಳ ನಡುವಿನ ಅಂತರವನ್ನು ಕಡಿಮೆ ಮಾಡುತ್ತ ಹೋದ. ಒಂದೇ ವೇಗದಲ್ಲಿ ಬರುವ ಚಾಲಕನಿಗೆ ಪಟ್ಟಿಗಳು ಬೇಗ ಬೇಗ ಹಾಯುತ್ತವೆ, ತನ್ನ ವೇಗ ಏರುತ್ತಿದೆ ಎನ್ನಿಸುತ್ತದೆ, ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಬೀಳುತ್ತದೆ. ಅಲ್ಲಿ ವಾಹನಗಳ ವೇಗ ಇಳಿಯಿತು. ನಿಮ್ಮ ಊರಿನ ರಸ್ತೆ ಹೆದ್ದಾರಿಯನ್ನು ಕೂಡುವ ಜಾಗಕ್ಕೆ ಇಂಥ ಪಟ್ಟಿ ಬೇಕೆಂದು ಪಂಚಾಯಿತಿಯಿಂದ ಒಂದು ಅರ್ಜಿ ಹೋದರೆ, ಅದಕ್ಕೆ ಆಗುವ ಖರ್ಚು ಬಣ್ಣದ್ದು ಮಾತ್ರ.